ಮಂಡಿಯ ಮೇಲಿನ ಕೈಗಳು

"ಐ ಹ್ಯಾವ್ ಕಂಟ್ರೋಲ್!"

ಹೆಡ್‌ಸೆಟ್ಟಿನಲ್ಲಿ ಆ ಕೂಗು ಕೇಳುವ ಹೊತ್ತಿಗೆ ಚೈತ್ರಶ್ರೀಯ ಎದುರಿನ ಗಾಜಿನಲ್ಲಿ ಆಕಾಶವೇ ಇರಲಿಲ್ಲ. ಬರೀ ನೆಲ... ಅದೂ ಗಿರಗಿರನೆ ತಿರುಗುತ್ತಿದ್ದ ನೆಲ! ಯಾರದೋ ಕಾಫಿ ಕಣದ ಮೇಲೆ ಹೊದಿಸಿದ್ದ ನೀಲಿ ಟಾರ್ಪಾಲು ಕಣ್ಣ ಮುಂದೆ ಹೋಯಿತು, ಬಂತು, ಮತ್ತೆ ಹೋಯಿತು.

ಪಕ್ಕದ ಸೀಟಿನವನು ಅವಳ ಕೈಯಿಂದ ವಿಮಾನವನ್ನು ಕಿತ್ತುಕೊಂಡಿದ್ದ. ತಿರುಗುವುದು ನಿಂತಿತು. ಎದೆಯ ಮೇಲೆ ಅಕ್ಕಿ ಮೂಟೆ ಹೇರಿದಂತೆ ಭಾರವಾಯಿತು. ಆಮೇಲೆ ಸಕಲೇಶಪುರದ ಬೆಟ್ಟಗಳು ಒಂದೊಂದಾಗಿ ತಮ್ಮ ಜಾಗಕ್ಕೆ ಬಂದು ಕೂತವು.

"ಎರಡೂ ಕಾಲು ಒಟ್ಟಿಗೆ ಯಾಕೆ ತುಳಿದ್ರಿ?"

"ಅದು... ಕ್ಲಚ್ಚು, ಬ್ರೇಕು ಸರ್..."

"ಏನು?"

"ಅಭ್ಯಾಸ ಸರ್. ನಮ್ದು ಹಾನುಬಾಳು. ನಮ್ಮಪ್ಪಂದು ಬಾಡಿಗೆ ಜೀಪು. ಇಳಿಜಾರಲ್ಲಿ ಭಯ ಆದ್ರೆ ಎರಡೂ ತುಳಿಯೋದೇ ನಮಗೆ ಗೊತ್ತಿರೋದು."

ನಗುತ್ತಾನೆ ಅಂದುಕೊಂಡಳು. ಅವನು ನಗಲಿಲ್ಲ. ಜೀಪು ಎಂಬ ಮಾತು ಕಿವಿಗೆ ಬಿದ್ದದ್ದೇ ಅವನ ಮುಖ ಬಿಗಿದುಕೊಂಡಿತು.

ಅವನು ಅಭಿಲಾಷ್. ಆಲೂರಿನಾಚೆಯ ಬಯಲಿನಲ್ಲಿದ್ದ ಆ ಚಿಕ್ಕ ವಿಮಾನ ತರಬೇತಿ ಶಾಲೆಯಲ್ಲಿ ಈ ಕಷ್ಟದ ಪಾಠ ಹೇಳಿಕೊಡುತ್ತಿದ್ದವನು. ಅವರಿಬ್ಬರ ಪರಿಚಯವಾಗಿ ಆಗ ಇನ್ನೂ ಒಂದು ಗಂಟೆ ಕಳೆದಿರಲಿಲ್ಲ.

ಪಾಠವೇನೋ ಹೇಳಲು ಸುಲಭ. ವಿಮಾನದ ಮೂಗನ್ನು ಎತ್ತುತ್ತ ಹೋದರೆ ಒಂದು ಹಂತದಲ್ಲಿ ರೆಕ್ಕೆಗೆ ಗಾಳಿಯ ಹಿಡಿತ ತಪ್ಪುತ್ತದೆ. ಅದು ಸ್ಟಾಲ್. ಆಗ ಒಂದು ರೆಕ್ಕೆ ಮೊದಲು ಕುಸಿದರೆ ವಿಮಾನ ಬುಗುರಿಯಂತೆ ಸುತ್ತುತ್ತ ಕೆಳಗಿಳಿಯುತ್ತದೆ. ಅದು ಸ್ಪಿನ್. ಎಡಕ್ಕೆ ಸುತ್ತಿದರೆ ಬಲಗಾಲಿನ ಪೆಡಲನ್ನು ಮಾತ್ರ ಪೂರ್ತಿ ತುಳಿಯಬೇಕು. ಆಮೇಲೆ ಕೈಯಲ್ಲಿ ಹಿಡಿದ ಸ್ಟಿಕ್ಕನ್ನು ಮುಂದಕ್ಕೆ ತಳ್ಳಬೇಕು... ಯಾವ ನೆಲವನ್ನು ಕಂಡು ಜೀವ ಹಾರುತ್ತದೋ ಆ ನೆಲದ ಕಡೆಗೇ! ಎರಡೂ ಪೆಡಲನ್ನು ಒಟ್ಟಿಗೆ ತುಳಿದರೆ ಒಂದಕ್ಕೊಂದು ಅಡ್ಡವಾಗಿ ಏನೂ ಆಗುವುದಿಲ್ಲ. ವಿಮಾನ ಸುತ್ತುತ್ತಲೇ ಇರುತ್ತದೆ.

ಈ ಪಾಠ ಮುಗಿಯದೆ ಅವಳನ್ನು ಒಬ್ಬಳೇ ಹಾರಲು ಬಿಡುವಂತಿರಲಿಲ್ಲ.

ಮರುದಿನ ಅಭಿಲಾಷ್ ವಿಮಾನ ನಿಲ್ಲಿಸುವ ಹ್ಯಾಂಗರಿನ ಹಿಂದಿನ ಬೆಂಚಿನ ಮುಂದೆ ಎರಡು ಇಟ್ಟಿಗೆ ಇಟ್ಟ.

"ಕೂತ್ಕೊಳ್ಳಿ. ಒಂದೊಂದರ ಮೇಲೆ ಒಂದೊಂದು ಕಾಲು. ಎಡಕ್ಕೆ ಸುತ್ತುತ್ತಿದೆ, ಯಾವ ಕಾಲು?"

"ಬಲ."

"ಎಡಗಾಲು ಯಾಕೆ ಒತ್ತಿದ್ರಿ?"

"ಒತ್ತಿಲ್ಲ ಸರ್!"

"ಇಟ್ಟಿಗೆ ಮಣ್ಣಲ್ಲಿ ಇಳಿದೈತೆ, ನೋಡಿ."

ಅವನ ಬಾಯಲ್ಲಿ ಊರಿನ ಮಾತು ಬಂದದ್ದು ಕೇಳಿ ಅವಳಿಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಮಾಸಿದ ನಗು... ಬಹಳ ದಿನ ಮಡಿಸಿಟ್ಟ ಅಂಗಿಯನ್ನು ಬಿಚ್ಚಿದ ಹಾಗೆ.

ದಿನವೂ ಇಟ್ಟಿಗೆಯ ಪಾಠ ನಡೆಯಿತು. ಅವಳು ತರುತ್ತಿದ್ದ ಅಕ್ಕಿರೊಟ್ಟಿಯಲ್ಲಿ ಅವನಿಗೊಂದು ಪಾಲು ಇರತೊಡಗಿತು. ಅವನದು ಮಾತು ಕಡಿಮೆ. ಆದರೆ ಅವಳು ಬರುವುದು ತಡವಾದರೆ ಗೇಟಿನ ಕಡೆ ನೋಡುತ್ತ ನಿಂತಿರುತ್ತಿದ್ದ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ, ಒಂದೊಂದು ದಿನ ಬೇಕೆಂದೇ ನಿಧಾನವಾಗಿ ನಡೆದು ಬರುತ್ತಿದ್ದಳು.

'ಇವರಿಗೆ ನಾನಂದ್ರೆ...? ಛೆ, ಹುಚ್ಚು ನನಗೆ!'

ಮೇಲೆ ಹೋದಾಗ ಮಾತ್ರ ಅವನು ಬೇರೆಯೇ ಮನುಷ್ಯನಾಗುತ್ತಿದ್ದ.

"ನೋಡಿ, ನನ್ನ ಕೈ ಮಂಡಿ ಮೇಲಿದೆ. ವಿಮಾನ ನಿಮ್ಮದು" ಎನ್ನುತ್ತಿದ್ದ. ಮೂಗು ಏರುತ್ತಿತ್ತು, ವಿಮಾನ ನಡುಗುತ್ತಿತ್ತು, ಎಡರೆಕ್ಕೆ ಕುಸಿಯುತ್ತಿತ್ತು. ಅಷ್ಟರಲ್ಲಿ ಆ ಕೈಗಳು ಹಾರಿ ಬರುತ್ತಿದ್ದವು. "ಐ ಹ್ಯಾವ್ ಕಂಟ್ರೋಲ್!"

ಪ್ರತಿ ಸಲವೂ.

ಒಂದು ದಿನ ಇಳಿದ ಮೇಲೆ ಅವಳಿಗೆ ತಡೆಯಲಾಗಲಿಲ್ಲ.

"ಸರ್, ತಪ್ಪು ಮಾಡೋದಕ್ಕಾದ್ರೂ ನನ್ನನ್ನ ಬಿಡಿ!"

"ತಪ್ಪು ಮಾಡಿದ ಮೇಲೆ ಸರಿ ಮಾಡೋಕೆ ಟೈಮ್ ಸಿಗಲ್ಲ ಚೈತ್ರಶ್ರೀ."

"ಇವತ್ತು ಬಲಗಾಲು ಸರಿಯಾಗಿ ಹೋಗ್ತಿತ್ತು! ನೀವು ಕಿತ್ಕೊಂಡ್ರಿ! ಜೀಪು ಡ್ರೈವರ್ ಮಗಳು, ಇವಳ ಕೈಲಿ ಏನಾಗುತ್ತೆ ಅಂತ ತಾನೆ?"

"ಹಾಗಲ್ಲ..."

"ಹಾಗೇ! ನಿಮ್ಮ ಪಕ್ಕ ಕೂತವರು ಯಾರೂ, ಯಾವತ್ತೂ, ಏನೂ ಕಲಿಯೋಕಾಗಲ್ಲ ಸರ್!"

ಅವನ ಮುಖ ಬಿಳಿಚಿಕೊಂಡಿತು. ಶಾಲೆಯ ಜೀಪು ಅವರನ್ನು ಕರೆದೊಯ್ಯಲು ಬಂದು ನಿಂತಿತು. ಅವನು ಅದರ ಕಡೆ ನೋಡಲೂ ಇಲ್ಲ. ಬಿಸಿಲಲ್ಲಿ, ರನ್‌ವೇ ಉದ್ದಕ್ಕೂ ಒಬ್ಬನೇ ನಡೆದು ಹೋದ. ಅವನು ಆ ಜೀಪು ಹತ್ತಿದ್ದನ್ನು ಅವಳು ಒಂದು ದಿನವೂ ಕಂಡಿರಲಿಲ್ಲ.

'ಎಷ್ಟು ದರ್ಪ!' ಎಂದುಕೊಂಡಳು.

ಆ ಸಂಜೆ ಮುಖ್ಯ ಶಿಕ್ಷಕ ಧರ್ಮ ಸರ್ ಹತ್ತಿರ ಹೋಗಿ ಬೇರೆಯವರನ್ನು ಕೊಡಿ ಎಂದು ಕೇಳಿದಳು. ಮರುದಿನ ಬೆಂಚಿನ ಬಳಿ ಇಟ್ಟಿಗೆಗಳಿದ್ದವು, ಅಭಿಲಾಷ್ ಇರಲಿಲ್ಲ.

"ಮನೆಗೆ ಹೋದ. ಇನ್ನು ಹಾರಲ್ಲ ಅಂದ" ಎಂದರು ಧರ್ಮ ಸರ್.

ಅವರೇ ಅವಳನ್ನು ಮೇಲೆ ಕರೆದೊಯ್ದರು. ಅವರೇನೂ ಅವಸರಪಟ್ಟು ಕಿತ್ತುಕೊಳ್ಳಲಿಲ್ಲ. ಸುತ್ತಲು ಬಿಟ್ಟರು. ನೆಲ ತಿರುಗಿತು... ಅವಳ ಎರಡೂ ಕಾಲು ಒಟ್ಟಿಗೆ ತುಳಿದು ಕಲ್ಲಾದವು. ಕೊನೆಗೆ ಅವರೇ ಬಿಡಿಸಬೇಕಾಯಿತು.

ಇಳಿದ ಮೇಲೆ ಮೆಲ್ಲಗೆ ಹೇಳಿದರು, "ಮುಂದಿನ ಶುಕ್ರವಾರ ಇನ್ನೊಂದು ಸಲ ನೋಡೋಣಮ್ಮ. ಅವತ್ತೂ ಆಗದಿದ್ರೆ ಈ ಆಸೆ ಬಿಡು. ಇದು ಬರದೆ ನಿನ್ನನ್ನ ಒಬ್ಬಳನ್ನೇ ಕಳಿಸಿದ್ರೆ, ಸಾಯೋಕೆ ಕಳಿಸಿದಂಗೆ."

ಭಾನುವಾರ ಹಾನುಬಾಳಿನ ಮನೆಗೆ ಹೋದಳು. ಅಪ್ಪ ಜವರಯ್ಯ ಬಕೆಟ್ಟಿನಲ್ಲಿ ನೀರಿಟ್ಟುಕೊಂಡು ಜೀಪಿನ ಚಕ್ರದ ಕೆಸರು ಉಜ್ಜುತ್ತಿದ್ದ. ಅವ್ವ ಮೀನಾಕ್ಷಮ್ಮ ಜಗಲಿಯಲ್ಲಿ ಮೊರ ಹಿಡಿದು ಕೂತಿದ್ದಳು.

"ಯಾಕವ್ವ, ಮಕ ಹಿಂಗೆ ಬಾಡಿಸ್ಕಂಡಿದ್ದೀಯ? ಆಕಾಸದಲ್ಲಿ ಹೊಟ್ಟೆಗೇನೂ ಕೊಡಲ್ವಾ?" ಎಂದಳು ಅವ್ವ.

ಚೈತ್ರಶ್ರೀ ಅವ್ವನ ಪಕ್ಕ ಕುಸಿದು ಕೂತು ಎಲ್ಲ ಹೇಳಿಬಿಟ್ಟಳು. ಇಟ್ಟಿಗೆ, ಕಿತ್ತುಕೊಳ್ಳುವ ಕೈ, ತಾನು ಆಡಿದ ಮಾತು.

"ಯಾವೂರ ಮೇಷ್ಟ್ರು ಅವ್ರು?" ಅವ್ವ ಕೇಳಿದಳು.

"ಆಲೂರು. ಶುಂಠಿ ವ್ಯಾಪಾರದ ಲಿಂಗಪ್ಪನೋರ ಮಗ. ಅಭಿಲಾಷ್."

ಚಕ್ರ ಉಜ್ಜುತ್ತಿದ್ದ ಜವರಯ್ಯನ ಕೈ ನಿಂತಿತು.

"ಅಯ್ಯೋ ಮಗ... ಆ ಹುಡುಗನಾ?"

"ನಿಂಗೊತ್ತಾ ಅಪ್ಪ?"

"ಮೂರು ವರ್ಸದ ಹಿಂದೆ ಹೊಂಗಡಹಳ್ಳದ ದಾರೀಲಿ ಜೀಪು ಮಗುಚ್ತಲ್ಲ, ಹಗ್ಗ ಹಾಕಿ ಎಳೆದೋನು ನಾನೇ ಕಣವ್ವ. ಆಯಪ್ಪನ ಹೆಂಡ್ತಿ ಓಡಿಸ್ತಿದ್ಲು. ಸ್ನೇಹಾ ಅಂತ. ಹೊಸ ಮದ್ವೆ. ಜೀಪು ಕಲೀತೀನಿ ಅಂತ ಆಸೆಪಟ್ಟಿದ್ಲಂತೆ. ಈಯಪ್ಪ ಕಲೀಲಿ ಅಂತ ಪಕ್ಕದಲ್ಲಿ ಸುಮ್ನೆ ಕೂತಿದ್ದ."

"ಆಮೇಲೆ...?"

"ಆಮೇಲೇನು. ಆ ಹೆಣ್ಮಗ ಅಲ್ಲೇ ಹೋಗ್ಬುಟ್ಟಿತ್ತು. ಇವನಿಗೆ ಒಂದು ತರಚು ಗಾಯನೂ ಇಲ್ಲ. ಕಲ್ಲಿನ ಮ್ಯಾಲೆ ಕೂತ್ಕಂಡು, ತನ್ನ ಕೈ ತಾನೇ ನೋಡ್ಕಂಡು, ಒಂದೇ ಮಾತು... 'ನಾನು ಕೈ ಹಾಕ್ಲಿಲ್ಲ, ನಾನು ಕೈ ಹಾಕ್ಲಿಲ್ಲ.'"

ಜವರಯ್ಯ ಬಟ್ಟೆ ಹಿಂಡಿ ಬಾನೆಟ್ಟಿನ ಮೇಲೆ ಹಾಕಿದ.

"ಕೈ ಹಾಕಿದ್ರೂ ಅಷ್ಟೇ ಕಣವ್ವ. ರಸ್ತೆ ಅಂಚು ಒಳಗಿಂದ್ಲೇ ಕುಸಿದಿತ್ತು. ನಾನೇ ಓಡಿಸ್ತಿದ್ರೂ ಬೀಳ್ತಿದ್ದೆ. ಅವತ್ತು ಹೇಳ್ದೆ. ಆಯಪ್ಪನ ಕಿವಿಗೆ ಹೋಗ್ಲಿಲ್ಲ."

'ನಿಮ್ಮ ಪಕ್ಕ ಕೂತವರು ಯಾರೂ...'

ಚೈತ್ರಶ್ರೀ ಬಾಯಿಗೆ ಅಂಗೈ ಒತ್ತಿಕೊಂಡಳು. ದೇವರೇ, ಎಂಥ ಮಾತು ಆಡಿಬಿಟ್ಟೆ! ಎಲ್ಲ ಬಿಟ್ಟು ಅದನ್ನೇ ಆಡಿಬಿಟ್ಟೆನಲ್ಲ!

ಮರುದಿನ ಮೊದಲ ಬಸ್ಸಿಗೇ ಆಲೂರಿಗೆ ಹೊರಟಳು.

ಲಿಂಗಪ್ಪನವರ ಅಂಗಳದಲ್ಲಿ ಶುಂಠಿ ರಾಶಿ ಬಿದ್ದಿತ್ತು. ಅದರ ಘಾಟಿಗೆ ಮೂಗು ಚುರುಗುಟ್ಟುತ್ತಿತ್ತು.

"ಯಾರಮ್ಮ? ಬಿತ್ತನೆ ಶುಂಠಿಗೆ ಬಂದ್ರಾ?" ಎಂದರು ಲಿಂಗಪ್ಪ.

"ಅಲ್ಲ ಯಜಮಾನ್ರೆ. ಅಭಿಲಾಷ್ ಸರ್ ಹತ್ರ ಮಾತಾಡ್ಬೇಕಿತ್ತು."

"ಮಾತಾಡ್ಸಮ್ಮ, ಪುಣ್ಯ ಬರುತ್ತೆ. ಬಂದಾಗಿಂದ ಅವನು ಮಾತಾಡ್ತಿರೋದು ಶುಂಠಿ ಜೊತೆ ಮಾತ್ರ."

ಅಭಿಲಾಷ್ ರಾಶಿಯ ಪಕ್ಕ ಕೂತು ಕೊಳೆತದ್ದನ್ನು ಆರಿಸಿ ಎಸೆಯುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ನಾನು ಜವರಯ್ಯನ ಮಗಳು ಸರ್" ಎಂದಳು. "ಹೊಂಗಡಹಳ್ಳದ ದಾರೀಲಿ ಹಗ್ಗ ಹಾಕಿದ್ದು ನಮ್ಮಪ್ಪ."

ಅವನ ಕೈಯಲ್ಲಿದ್ದ ಶುಂಠಿ ಕೆಳಗೆ ಬಿತ್ತು.

"ನನಗೆ ಗೊತ್ತಿರಲಿಲ್ಲ. ಗೊತ್ತಿದ್ರೆ ಆ ಮಾತು ಸತ್ರೂ ಆಡ್ತಿರಲಿಲ್ಲ... ನನ್ನನ್ನ ಕ್ಷಮಿಸಿ ಅಂತ ಕೇಳೋಕೂ ಮುಖ ಇಲ್ಲ."

"ನೀವು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ." ಅವನು ನೆಲ ನೋಡುತ್ತ ಹೇಳಿದ. "ಅವಳೂ ನನ್ನ ಪಕ್ಕಾನೇ ಕೂತಿದ್ಲು."

"ಅಂಚು ಮೊದಲೇ ಕುಸಿದಿತ್ತಂತೆ ಸರ್. ಅಪ್ಪನ ಕೈಲಿದ್ರೂ ಬೀಳ್ತಿತ್ತಂತೆ. ಇಪ್ಪತ್ತೈದು ವರ್ಷದಿಂದ ಆ ದಾರೀಲಿ ಜೀಪು ಓಡಿಸ್ತಿರೋನು ಹೇಳಿದ್ದು."

ಅವನು ಬಿದ್ದ ಶುಂಠಿಯನ್ನು ಎತ್ತಿ ಮಣ್ಣು ಉಜ್ಜಿದ. ಅಂಗಳದ ಆಚೆ ಯಾರೋ ಚೀಲ ಹೊಲಿಯುತ್ತಿದ್ದರು.

"ಇರಬಹುದು" ಎಂದ. "ಆದ್ರೆ ಈ ಕೈ ಅದನ್ನ ನಂಬಲ್ಲ. ರೆಕ್ಕೆ ಬಿದ್ದ ತಕ್ಷಣ ನನ್ನ ಮಾತೇ ಕೇಳಲ್ಲ."

"ನನ್ನ ಕಾಲೂ ಕೇಳಲ್ಲ ಸರ್."

ಅವನು ತಲೆಯೆತ್ತಿ ನೋಡಿದ. ಅವಳ ಕಣ್ಣು ತುಂಬಿತ್ತು.

"ಶುಕ್ರವಾರ ಕೊನೇ ಸಲ. ನೀವು ಬನ್ನಿ. ಆಗದಿದ್ರೆ ಆಗದೇ ಹೋಗ್ಲಿ, ಮನೆಗೆ ಹೋಗ್ತೀನಿ. ಆದ್ರೆ ನಿಮ್ಮ ಪಕ್ಕ ಕೂತೇ ಸೋಲ್ತೀನಿ. ಬೇರೆಯವರ ಪಕ್ಕ ಬೇಡ."

ಅವನು ಬರುತ್ತೇನೆ ಅನ್ನಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವಳು ಹೋದಾಗ ಅಭಿಲಾಷ್ ಬೆಂಚಿನ ಮುಂದೆ ಇಟ್ಟಿಗೆಗಳನ್ನು ಸರಿಮಾಡುತ್ತ ಕೂತಿದ್ದ. ಈ ಸಲ ಅವನೇ ಕರೆದೊಯ್ಯಲಿ ಎಂದು ಧರ್ಮ ಸರ್ ಒಪ್ಪಿದ್ದರು.

ಏಳು ಸಾವಿರ ಅಡಿ ಮೇಲೆ ಗಾಳಿ ತಣ್ಣಗಿತ್ತು. ಕೆಳಗೆ ಹೇಮಾವತಿ ಸಣ್ಣಗೆ ಹೊಳೆಯುತ್ತಿತ್ತು.

"ನನ್ನ ಕೈ ಮಂಡಿ ಮೇಲಿದೆ." ಅವನು ಹೇಳಿದ. "ವಿಮಾನ ನಿಮ್ಮದು."

ಅವಳು ಎಂಜಿನ್ ತಗ್ಗಿಸಿ ಮೂಗೆತ್ತಿದಳು. ವಿಮಾನ ನಡುಗಿತು. ಎಡರೆಕ್ಕೆ ಕುಸಿಯಿತು. ನೆಲ ತಿರುಗತೊಡಗಿತು... ನೀಲಿ ಟಾರ್ಪಾಲು ಬಂತು, ಹೋಯಿತು. ಈಗ ಕೂಗು ಬರುತ್ತದೆ, ಈಗ ಆ ಕೈಗಳು ಬರುತ್ತವೆ...

ಬರಲಿಲ್ಲ.

ಅವಳ ಎರಡೂ ಕಾಲು ಬಿಗಿದುಕೊಂಡವು. ಕ್ಲಚ್ಚು! ಬ್ರೇಕು! ಟಾರ್ಪಾಲು ಮತ್ತೆ ಬಂತು. ಓರೆಗಣ್ಣಿಗೆ ಅವನ ಕೈ ಕಂಡಿತು. ಪ್ಯಾಂಟಿನ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದಿದ್ದ. ಗೆಣ್ಣುಗಳು ಬೆಳ್ಳಗಾಗಿದ್ದವು. ತುಟಿ ಏನೋ ಹೇಳುತ್ತಿತ್ತು, ದನಿ ಇರಲಿಲ್ಲ. ಆದರೂ ಅವಳಿಗೆ ಗೊತ್ತಾಯಿತು. ಬಲ... ಬಲ...

ಎಡಗಾಲನ್ನು ಸಡಿಲ ಬಿಟ್ಟಳು. ಬಲಗಾಲನ್ನು ಕೊನೆಯವರೆಗೆ ತುಳಿದಳು. ಸ್ಟಿಕ್ಕನ್ನು ಮುಂದಕ್ಕೆ, ನೆಲದ ಕಡೆಗೆ, ತಳ್ಳಿದಳು.

ತಿರುಗುವುದು ನಿಂತಿತು.

ಪೆಡಲ್ ನೇರ ಮಾಡಿ ಮೆಲ್ಲಗೆ, ಅವ್ವ ತುಂಬಿದ ಕೊಡ ಎತ್ತುವ ಹಾಗೆ, ಮೂಗನ್ನು ಮೇಲೆತ್ತಿದಳು. ಬೆಟ್ಟಗಳು ಬಂದು ಕೂತವು.

ಬಯಲಿನ ಕಡೆಗೆ ತಿರುಗಿಸಿ ತಾನೇ ಇಳಿಸಿದಳು.

ಎಂಜಿನ್ ನಿಂತ ಮೇಲೂ ಅವನ ಮುಷ್ಟಿ ಮಂಡಿಯ ಮೇಲೇ ಇತ್ತು.

"ಸರ್... ಇನ್ನು ತೆಗೀಬಹುದು."

ಅವನು ತೆಗೆಯಲು ಹೋದ. ಬೆರಳು ಬಿಡಿಸಿಕೊಳ್ಳಲಿಲ್ಲ. ಹಾಗೇ ಬಗ್ಗಿ ಅತ್ತುಬಿಟ್ಟ. ಅವಳು ಒಂದೊಂದೇ ಬೆರಳನ್ನು ಬಿಡಿಸಿದಳು. ಅವಳಿಗೂ ಅಳು ಬಂದಿತ್ತು.

"ಸ್ನೇಹಾನ ಮರೆಯೋಕೆ ನನ್ನಿಂದ ಆಗಲ್ಲ ಚೈತ್ರಾ."

"ಮರೀಬೇಡಿ. ನಾನು ಕೇಳಿದ್ನಾ?"

"ಅವಳಿಲ್ಲದ ಮೇಲೆ ಯಾರನ್ನಾದ್ರೂ ಗೇಟಿನ ಹತ್ರ ಕಾದದ್ದು... ನಿನ್ನನ್ನೇ. ಅದಕ್ಕೇ ನನಗೆ ಅಷ್ಟು ಭಯ."

ನೀವು ಹೋಗಿ ನೀನು ಆಗಿತ್ತು. ಅವಳು ತಲೆ ತಗ್ಗಿಸಿದಳು.

"ಗೊತ್ತಿತ್ತು. ಅದಕ್ಕೇ ಬೇಕಂತ ನಿಧಾನ ಬರ್ತಿದ್ದೆ."

ಶಾಲೆಯ ಜೀಪು ಬಂದು ನಿಂತಿತು. ಧರ್ಮ ಸರ್ ಇಳಿದು, ಇಬ್ಬರ ಮುಖವನ್ನೂ ನೋಡಿ, ಏನೂ ಕೇಳದೆ ವಿಮಾನದ ಚಕ್ರ ಪರೀಕ್ಷಿಸುವವರಂತೆ ಆಚೆ ಹೋದರು.

"ನಡ್ಕೊಂಡೇ ಹೋಗೋಣ ಬನ್ನಿ" ಎಂದಳು ಅವಳು.

ಅವನು ಜೀಪನ್ನು ಬಹಳ ಹೊತ್ತು ನೋಡಿದ.

"ಬೇಡ. ನೀನು ಓಡಿಸು. ನಾನು ಪಕ್ಕದಲ್ಲಿ ಕೂತ್ಕೋತೀನಿ."

ಹತ್ತಿ ಕೂತ. ಮೈಯೆಲ್ಲ ಬಿಗಿಯಾಗಿತ್ತು. ಅವಳು ಕ್ಲಚ್ ತುಳಿದು ಗೇರಿನ ಮೇಲೆ ಕೈ ಇಟ್ಟಳು.

"ಕೈ ಎಲ್ಲಿಟ್ಕೊಳ್ಲಿ?" ಮಗುವಿನ ಹಾಗೆ ಕೇಳಿದ.

"ಒಂದು ಮಂಡಿ ಮೇಲೆ..." ಅವಳು ಮುಂದಿನ ದಾರಿಯನ್ನೇ ನೋಡುತ್ತ ಹೇಳಿದಳು. "ಇನ್ನೊಂದು, ನನ್ನ ಕೈ ಮೇಲೆ."

ಅವನು ಇಟ್ಟ.

"ನಿಧಾನ ಹೋಗ್ತೀಯಾ?"

"ಹ್ಞೂಂ. ನಿಧಾನಾನೇ ಹೋಗ್ತೀನಿ."