ಪ್ರಳಯದ ಮೇಲೆ ಎರಡು ಕೊಂಬು

ಕರೆಂಟ್ ಇರುವಷ್ಟು ಹೊತ್ತು ದೊಡ್ಡಬಳ್ಳಾಪುರದಲ್ಲಿ ನಂದೀಶನಷ್ಟು ಮಾತುಗಾರ ಇನ್ನೊಬ್ಬನಿರಲಿಲ್ಲ. ಕರೆಂಟ್ ಹೋಯಿತೋ, ಅವನ ಬಾಯಿಯೂ ಹೋಯಿತು.

ಇದರಲ್ಲಿ ಮಾಟಮಂತ್ರ ಏನಿಲ್ಲ. ವೆಂಕಟರಾಮಪ್ಪನವರ ಶೆಡ್ಡಿನಲ್ಲಿ ಹದಿನಾರು ಮಗ್ಗ. ಹದಿನಾರೂ ಒಟ್ಟಿಗೆ ಬಡಿಯತೊಡಗಿದರೆ ಕಾಲಬುಡದಲ್ಲಿ ಪಟಾಕಿ ಹಚ್ಚಿದರೂ ಕೇಳಿಸದು. ಅಲ್ಲಿ ಮಾತೆಂದರೆ ಕೈ. ಹೆಬ್ಬೆರಳು ತುಟಿಗಿಟ್ಟರೆ ಟೀ. ಇಲ್ಲದ ಮೀಸೆ ತಿರುವಿದರೆ ಓನರ್ ಬಂದರು ಅಂತ. ಮಿಕ್ಕಿದ್ದನ್ನು ತುಟಿ ನೋಡಿ ಓದಿಕೊಳ್ಳಬೇಕು. ಒಬ್ಬೊಬ್ಬರಿಗೂ ಒಂದೊಂದು ಕೈಹೆಸರು. ಕಂಡಿಕೆಗೆ ನೂಲು ಸುತ್ತುವ ಪ್ರಮೋದಾಳ ಹೆಸರು ಕಿವಿಯ ಪಕ್ಕ ತೋರುಬೆರಳು ತೂಗಿಸುವುದು, ಅವಳ ಜುಮುಕಿಯ ಹಾಗೆ. ನಂದೀಶನ ಹೆಸರು ತಲೆಯ ಎರಡೂ ಪಕ್ಕ ಒಂದೊಂದು ಬೆರಳು ನಿಲ್ಲಿಸುವುದು. ಕೊಂಬು. ಅಂದರೆ ಗೂಳಿ.

ಹೆಸರಿಟ್ಟವಳು ಪ್ರಮೋದಾಳೇ. ಎರಡು ವರ್ಷದ ಹಿಂದೆ, ಅವಳು ಕೆಲಸಕ್ಕೆ ಬಂದ ಮೂರನೇ ದಿನ, ನೂಲು ಕಿತ್ತುಹೋಯಿತೆಂದು ನಂದೀಶ ಮಗ್ಗವನ್ನೇ ಒದ್ದು, ಆಮೇಲೆ ಒಂಟಿಕಾಲಲ್ಲಿ ಕುಣಿಯುತ್ತಿದ್ದ. ಅವಳು ಅತ್ತ ಕಂಡಿಕೆ ರಾಶಿಯ ಹಿಂದಿನಿಂದ ಎರಡು ಬೆರಳೆತ್ತಿ ತಲೆಗಿಟ್ಟುಕೊಂಡಳು. ಶೆಡ್ಡು ಪೂರ್ತಿ ನಕ್ಕಿತು. ಅಂದಿನಿಂದ ಬೇರೆ ಯಾರಾದರೂ ಆ ಕೊಂಬು ತೋರಿಸಿದರೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದ. ಅವಳು ತೋರಿಸಿದರೆ ಮಾತ್ರ ನೂಲು ಹುಡುಕುವವನ ಹಾಗೆ ಬಗ್ಗಿ, ಮಗ್ಗದ ಕೆಳಗೆ ಮುಖ ಬಚ್ಚಿಟ್ಟು ನಗುತ್ತಿದ್ದ. ತಾನಾಗಿ ಆ ಹೆಸರನ್ನು ಅವನು ಒಮ್ಮೆಯೂ ಹಾಕಿಕೊಂಡವನಲ್ಲ.

ಅವನ ಕೋಪ ಹಳೆಯದು. ಒಂಬತ್ತನೇ ಕ್ಲಾಸಿನಲ್ಲಿ, ಭೂಮಿ ತಿರುಗುತ್ತಿದ್ದರೆ ನಮಗೆ ತಲೆ ಯಾಕೆ ತಿರುಗಲ್ಲ ಸಾರ್ ಅಂತ ಕೇಳಿದ್ದಕ್ಕೆ ಮೇಷ್ಟರು ಬೆಂಚಿನ ಮೇಲೆ ನಿಲ್ಲಿಸಿದ್ದರು. ಬೆಂಚಿನಿಂದ ಇಳಿದವನು ನೆಟ್ಟಗೆ ಗೇಟು ದಾಟಿ ಬಂದ. ಇವತ್ತಿಗೂ ಉತ್ತರ ಸಿಕ್ಕಿಲ್ಲ, ಅದಕ್ಕೂ ಕೋಪ.

ಆದರೆ ಅವಳ ಜೊತೆ ಅವನ ಕೈ ಬೇರೆಯೇ ಕೈ. ಹಸಿರು ಲಂಗದ ದಿನ ಗಿಣಿಯ ಕೊಕ್ಕು ಮಾಡಿ ತೋರಿಸುತ್ತಿದ್ದ. ಅವಳು ಹುಬ್ಬು ಗಂಟಿಕ್ಕುವಳು, ಜುಮುಕಿ ಮಾತ್ರ ನಗುತ್ತಿತ್ತು. ಅವಳು ನೋಡಿದ್ದು, ಅವನು ನೋಡಿದ್ದನ್ನು ಅವಳು ನೋಡಿದ್ದು, ನೋಡಿಲ್ಲವೆಂಬಂತೆ ಇಬ್ಬರೂ ನೂಲು ನೋಡಿದ್ದು, ಇಷ್ಟರಲ್ಲೇ ಎರಡು ವರ್ಷ ಕಳೆದಿತ್ತು.

ಕರೆಂಟ್ ಹೋದ ಕೂಡಲೇ ಎಲ್ಲ ಬಂದ್. ಮಗ್ಗ ನಿಂತ ಮೇಲೆ ಕೈಯೆತ್ತಿದರೆ ಅಷ್ಟೂ ಜನ ಓದುತ್ತಾರೆ. ಬಾಯಲ್ಲಿ ಹೇಳೋಣವೆಂದರೆ ನಂದೀಶನಿಗೆ ಮೆಲ್ಲಗೆ ಮಾತಾಡುವುದೇ ಗೊತ್ತಿಲ್ಲ. ಹನ್ನೊಂದು ವರ್ಷ ಮಗ್ಗದ ಸದ್ದಿನ ಮೇಲೆ ಕೂಗಿದ ಗಂಟಲು. ಅಂಗಡಿಯಲ್ಲಿ ಬೆಂಕಿಪೊಟ್ಟಣ ಕೇಳಿದರೂ ಬೆಂಕಿ ಬಿದ್ದಿದೆಯೇನೋ ಅಂತ ಜನ ಹೊರಗೆ ಓಡಿಬರುತ್ತಿದ್ದರು.

ಶನಿವಾರ ಪ್ರಮೋದಾ ಕಂಡಿಕೆ ಬದಿಗಿಟ್ಟು ಕೈಯಲ್ಲಿ ಹೇಳಿದಳು: ನಾಳೆ. ಒಬ್ಬ ಹುಡುಗ. ನನ್ನ ನೋಡಕ್ಕೆ.

ಹೇಳಿ ಅವನ ಕೈಯನ್ನೇ ನೋಡುತ್ತಾ ನಿಂತಳು. ನಂದೀಶ ಎರಡೂ ಕೈ ಎತ್ತಿದ. ಎತ್ತಿದ್ದೇ ತಡ, ಕರೆಂಟ್ ಹೋಯಿತು.

ಶೆಡ್ಡು ಸ್ತಬ್ಧ. ಎಲ್ಲರ ಕಣ್ಣೂ ಅವನ ಎತ್ತಿದ ಕೈಗಳ ಮೇಲೆ. ನಂದೀಶ ಮೆಲ್ಲಗೆ ಕೈಯಿಳಿಸಿ ತಲೆ ಕೆರೆದುಕೊಂಡ.

"ಹೊಸ ವೈರ್ ಎಳೀತಾರಂತೆ," ಎಂದಳು ಪ್ರಮೋದಾ, ಗೋಡೆಗೆ ಹೇಳುವ ಹಾಗೆ. "ನಾಳೆ ಸಾಯಂಕಾಲದವರೆಗೂ ಕರೆಂಟ್ ಬರಲ್ವಂತೆ." ಚಪ್ಪಲಿ ಮೆಟ್ಟಿಕೊಂಡು ಹೊರಟೇ ಹೋದಳು.

ನೋಡಲು ಬರುವವನು ಸುನಿಲ್‌ಕುಮಾರ್, ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಪ್ರಮೋದಾಳನ್ನು ಸಾಕಿದ ದೊಡ್ಡಮ್ಮ ಗಂಗಲಕ್ಷ್ಮಮ್ಮ ಅದೇ ಶೆಡ್ಡಿನ ಹಿರಿಯ ಕೈ, ಎಲ್ಲರಿಗೂ ಗಂಗಕ್ಕ. ಅವರಿಗೆ ಅವನು ಫೋನಿನಲ್ಲಿ ಹೇಳಿದ್ದನಂತೆ: "ಮನೆಗೆ ಬಂದು ಕಾಫಿ ಕುಡಿದು ಹೋಗೋದೆಲ್ಲ ಓಲ್ಡ್ ಫ್ಯಾಷನ್ ಆಂಟಿ. ನಾನೊಂದು ಕ್ಲಾಸಿಕ್ ಸಿನಿಮಾ ತೋರಿಸ್ತೀನಿ. ಅದನ್ನ ನೋಡ್ತಾ ನೋಡ್ತಾ ಇಬ್ಬರ ಟೇಸ್ಟೂ ಗೊತ್ತಾಗುತ್ತೆ. ಮುಗಿಯೋದ್ರೊಳಗೆ ಹೂಂ ಅಥವಾ ಉಹೂಂ ಅಂದ್ಬಿಟ್ರೆ ಸಾಕು."

ಪುಕ್ಕಟೆ ಸಿನಿಮಾ ಅಂದಮೇಲೆ ಗಂಗಕ್ಕ ಬೀದಿಗೆಲ್ಲ ಸಾರಿದರು. ಕರೆಂಟ್ ಇಲ್ಲದ ಭಾನುವಾರ, ನೇಕಾರರ ಸಮುದಾಯ ಭವನದಲ್ಲಿ ಜನರೇಟರ್ ಇದೆ, ಫ್ಯಾನ್ ಇದೆ. ಮಧ್ಯಾಹ್ನ ಮೂರಕ್ಕೆಲ್ಲ ಇನ್ನೂರು ಜನ. ಹೆಣ್ಣು ನೋಡುವ ಶಾಸ್ತ್ರಕ್ಕೆ ಇನ್ನೂರು ಜನ ನೇಕಾರರು ಬೋಂಡಾ ತಿನ್ನುತ್ತಾ ಕೂತದ್ದು ಊರಲ್ಲೇ ಮೊದಲು.

ನಂದೀಶ ಇಸ್ತ್ರಿ ಶರ್ಟು ಹಾಕಿಕೊಂಡು, ಯಾರನ್ನೋ ಹೊಡೆಯಲು ಹೋಗುವವನ ಹಾಗೆ ಬಂದ. ಪ್ರಮೋದಾ ಹಿಂದುಗಡೆ, ಪ್ರೊಜೆಕ್ಟರ್ ಇಟ್ಟ ಮೇಜಿನ ಪಕ್ಕ ಕೂತಿದ್ದಳು. ನೇರಳೆ ಸೀರೆ. ಆ ಸೀರೆ ತನ್ನ ಮಗ್ಗದಿಂದಲೇ ಇಳಿದದ್ದೆಂದು ಅಂಚು ನೋಡಿದೊಡನೆ ಅವನಿಗೆ ಗೊತ್ತಾಯಿತು. ಹತ್ತಿರ ಹೋಗಿ, ಬಗ್ಗಿ, ಪಿಸುಮಾತಿನಲ್ಲಿ "ಸ್ವಲ್ಪ ಮಾತಾಡ್ಬೇಕು" ಅಂದ.

ಇನ್ನೂರು ಜನವೂ ತಿರುಗಿ ನೋಡಿದರು.

"ಏನು ಮಾತು?" ಎಂದಳು ಅವಳು. ಕಣ್ಣು ಅಗಲವಾಗಿದ್ದವು, ಕಾಯುತ್ತಿದ್ದವು.

"ಏನಿಲ್ಲ! ಬೋಂಡಾ ಚೆನ್ನಾಗಿದೆ!" ಎಂದು ಅರಚಿ ನಂದೀಶ ಹೋಗಿ ಮೊದಲನೇ ಸಾಲಿನ ನಡುಮಧ್ಯ ಕೂತ.

ಸುನಿಲ್‌ಕುಮಾರ್ ಎದ್ದು ನಿಂತು ಕನ್ನಡಕ ಒರೆಸಿಕೊಂಡ. ಬಿಳಿ ಶರ್ಟು, ಕೈಗೆ ಎರಡು ಸಲ ಸ್ಯಾನಿಟೈಸರ್. "ಇದು ಬ್ಲ್ಯಾಕ್ ಅಂಡ್ ವೈಟ್ ಕಾಲದ ಇಂಗ್ಲಿಷ್ ಸೈನ್ಸ್ ಫಿಕ್ಷನ್. ಆಕಾಶದಲ್ಲಿ ಒಂದು ಸ್ಫೋಟ ಆಗಿ ಪ್ರಪಂಚ ಪೂರ್ತಿ ಅಳಿದೋಗಿರುತ್ತೆ. ಒಬ್ಬನೇ ಒಬ್ಬ ಬದುಕುಳಿದು, ಖಾಲಿ ರೈಲ್ವೇ ಸ್ಟೇಷನ್ನಲ್ಲಿ ಇರ್ತಾನೆ. ಕ್ಲಾಸಿಕ್. ದಯವಿಟ್ಟು ಮೌನವಾಗಿ ನೋಡಿ."

ಮೌನವಾಗಿ ನೋಡುವುದು ಆ ಜನಕ್ಕೆ ಬರುವಂಥದ್ದಲ್ಲ.

"ಪ್ರಪಂಚ ಮುಳುಗೋಗೈತೆ, ಪ್ಯಾಂಟ್ ಮಾತ್ರ ಇಸ್ತ್ರಿ ಆಗೈತೆ," ಎಂದ ಕೆಂಪರಾಜ್, ನಂದೀಶನ ಪಕ್ಕದ ಮಗ್ಗದವನು.

"ಗಡ್ಡ ಹೆಂಗ್ ತೆಗ್ದ ಗುರು? ಬ್ಲೇಡ್ ಯಾವನು ಮಾರ್ದ?" ಎಂದ ಇನ್ನೊಬ್ಬ.

"ಒಬ್ನೇ ಇದ್ದಾನೆ ಪಾಪ," ಎಂದರು ಗಂಗಕ್ಕ. "ಉಪ್ಪು ಎಲ್ಲಿಂದ ತರ್ತಾನೆ? ಅದನ್ನ ತೋರಿಸಲ್ಲ ಇವರು."

ತೆರೆಯ ಮೇಲಿನ ಮನುಷ್ಯ ದಿನವೂ ಬೆಳಿಗ್ಗೆ ಟೈ ಕಟ್ಟಿ, ಮೈಕಿನ ಮುಂದೆ ಕೂತು, ಬಾರದ ರೈಲುಗಳನ್ನು ಕೂಗಿ ಕೂಗಿ ಹೇಳುತ್ತಿದ್ದ. ಪ್ಲಾಟ್‌ಫಾರಂ ತುಂಬ ಎಲೆ. ಕೇಳುವವರಿಲ್ಲ. ಇಂಗ್ಲಿಷ್ ಒಂದಕ್ಷರ ತಿಳಿಯದಿದ್ದರೂ ನಂದೀಶನಿಗೆ ಅವನ ತುಟಿ ನೋಡಿಯೇ ಎಲ್ಲ ತಿಳಿಯಿತು. ಕೂಗುವವನ ತುಟಿ ಅವನಿಗೆ ಗೊತ್ತು.

ಆದರೆ ಅವನ ಕುತ್ತಿಗೆ ನಿಲ್ಲುತ್ತಿರಲಿಲ್ಲ. ಎರಡು ನಿಮಿಷಕ್ಕೊಮ್ಮೆ ಹಿಂದಕ್ಕೆ ತಿರುಗುವುದು. ಅಲ್ಲಿ ಸುನಿಲ್‌ಕುಮಾರ್ ಪ್ರಮೋದಾಳ ಕಿವಿಯ ಹತ್ತಿರ ಬಗ್ಗಿ ಪಿಸುಗುಡುತ್ತಿದ್ದ. ಪಿಸುಗುಡುತ್ತಿದ್ದ! ರೇಷ್ಮೆ ಎಳೆಯಷ್ಟು ಸಣ್ಣಗೆ, ಪಕ್ಕದ ಕುರ್ಚಿಗೂ ಕೇಳದ ಹಾಗೆ. ಅವಳು ತಲೆಯಾಡಿಸಿದಳು. ಅವನು ಮತ್ತೇನೋ ಅಂದ. ಮತ್ತೆ ತಲೆಯಾಡಿಸಿದಳು. ಜುಮುಕಿ ಎರಡು ಸಲ ಹೊಳೆಯಿತು. ಆ ಹಾಳಾದವನ ಡಿಗ್ರಿಯ ಮೇಲೆ ನಂದೀಶನಿಗೆ ಹೊಟ್ಟೆಕಿಚ್ಚಿರಲಿಲ್ಲ, ಸಂಬಳದ ಮೇಲೆ ಇರಲಿಲ್ಲ. ಆ ಪಿಸುಮಾತು ಒಂದರ ಮೇಲೆ ಇತ್ತು.

ಸಿನಿಮಾ ಮುಗಿಯಲು ಬಂತು. ಒಂದು ಬೆಳಿಗ್ಗೆ ಎದುರು ಪ್ಲಾಟ್‌ಫಾರಮ್ಮಿನಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಕೈಯಲ್ಲೊಂದು ಪೆಟ್ಟಿಗೆ. ಪ್ರಪಂಚದಲ್ಲಿ ಉಳಿದ ಇನ್ನೊಂದೇ ಜೀವ. ಮನುಷ್ಯ ಮೈಕ್ ಬಿಟ್ಟು ಓಡಿಬಂದ. ನಡುವೆ ಬರೀ ಹಳಿ. ಅವನು ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ. ಮೈಕಿಲ್ಲದೆ ಮಾತಾಡುವುದೇ ಅವನಿಗೆ ಮರೆತುಹೋಗಿತ್ತು. ಆ ಹೆಂಗಸು ಕಾದಳು. ಕಾದು ಪೆಟ್ಟಿಗೆ ಎತ್ತಿಕೊಂಡಳು.

ನಂದೀಶನಿಗೆ ತಡೆಯಲಾಗಲಿಲ್ಲ. "ಲೇ, ಬಾಯಿ ಬಿಡೋ! ಹೊರಟೋಗ್ತಾಳೆ ಕಣೋ! ಎರಡು ಗಂಟೆಯಿಂದ ಯಾರೂ ಇಲ್ಲದಾಗ ಬಡ್ಕೊಂಡ್ಯಲ್ಲ, ಈಗ ಏನಾಗೈತೆ ನಿಂಗೆ ರೋಗ?"

ಹಿಂದಿನಿಂದ ಗಂಗಕ್ಕನ ದನಿ ಬಂತು, ಅಷ್ಟೇ ಜೋರಾಗಿ. "ನೀನು ಬಿಟ್ಟಿದ್ದೀಯೇನೋ ಬಾಯಿ?"

ಇನ್ನೂರು ಜನ ನಗುವುದಕ್ಕೆ ಮುಂಚೆ ಒಂದು ಕ್ಷಣ ಇತ್ತು. ಆ ಕ್ಷಣದಲ್ಲಿ ನಂದೀಶನಿಗೆ ಎಲ್ಲ ಅರ್ಥವಾಯಿತು. ಗಂಗಕ್ಕನಿಗೆ ಗೊತ್ತು. ಶೆಡ್ಡಿಗೆ ಗೊತ್ತು. ಕಾಯುತ್ತಿರುವವಳು ಅವಳೊಬ್ಬಳೇ, ಹೇಳದೆ ಇರುವವನು ತಾನೊಬ್ಬನೇ.

ಅವನು ಎದ್ದ. ಹಿಂದಕ್ಕೆ ತಿರುಗಿದ. ಪ್ರೊಜೆಕ್ಟರಿನ ಬೆಳಕು ನೇರ ಮುಖಕ್ಕೆ ಬಡಿದು ಕಣ್ಣು ಕುರುಡಾಯಿತು. ಅವಳೆಲ್ಲಿದ್ದಾಳೆ ಕಾಣಲಿಲ್ಲ. ಅವಳಿಗೆ ತಾನು ಕಾಣುತ್ತೇನೆ ಅನ್ನುವುದಷ್ಟೇ ಗೊತ್ತು. ಬಾಯಿ ತೆರೆದ. ಗಂಟಲು ಕೈಕೊಟ್ಟಿತು.

ಕೈ ಮಾತ್ರ ಕೈಕೊಡಲಿಲ್ಲ.

ಮೊದಲು ಕಿವಿಯ ಪಕ್ಕ ಬೆರಳು ತೂಗಿದ: ಪ್ರಮೋದಾ. ಆಮೇಲೆ ಒಂದು ಗಳಿಗೆ ತಡೆದು, ಎರಡು ವರ್ಷದಿಂದ ಬೇರೆ ಯಾರು ಹಾಕಿದರೂ ಜಗಳಕ್ಕೆ ಹೋಗುತ್ತಿದ್ದ ಆ ಎರಡು ಬೆರಳನ್ನು ತಾನೇ ಎತ್ತಿ ತಲೆಯ ಎರಡೂ ಪಕ್ಕ ನಿಲ್ಲಿಸಿದ. ಕೊಂಬು. ನಾನು, ಗೂಳಿ. ಆಮೇಲೆ ಎರಡು ಬೆರಳು ಒಂದಕ್ಕೊಂದು ಅಂಟಿಸಿ ಮೇಲೆತ್ತಿ ಹಿಡಿದ: ಜೋಡಿ. ಕೊನೆಗೆ ಅಂಗೈ ಚಾಚಿದ: ಆಗ್ತೀಯಾ?

ಅವನ ಬೆನ್ನ ಹಿಂದೆ ಏನಾಗುತ್ತಿದೆ ಅನ್ನುವುದು ಅವನಿಗೆ ತಿಳಿಯದು. ತೆರೆಯ ಮೇಲೆ, ಅಳಿದುಹೋದ ಪಟ್ಟಣದ ನೆತ್ತಿಯ ಮೇಲೆ, ಹತ್ತಡಿ ಎತ್ತರದ ಕರಿ ತಲೆಯೊಂದು ಎದ್ದು, ಕಿವಿ ಅಲ್ಲಾಡಿಸಿ, ಕೊಂಬು ಮೂಡಿಸಿಕೊಂಡು ನಿಂತಿತ್ತು. ಕೂತವರೆಲ್ಲ ನೇಕಾರರು. ಆ ಕೈಮಾತು ಓದಲು ಬಾರದವನು ಅಲ್ಲಿದ್ದದ್ದು ಒಬ್ಬನೇ, ಪಿಲ್ಲಗುಂಪೆಯವನು.

"ಯಾವುದ್ರೀ ಈ ಪ್ರಾಣಿ?" ಎಂದ ಸುನಿಲ್‌ಕುಮಾರ್. "ಇದು ಸಿನಿಮಾದಲ್ಲಿಲ್ಲ."

"ಲೇ, ನಮ್ಮ ನಂದೀಶ ಕಣ್ರೋ! ಪ್ರಮೋದನ ಕೇಳ್ತಾವ್ನೆ!" ಎಂದು ಕೆಂಪರಾಜ್ ಕುರ್ಚಿ ಹತ್ತಿದ.

ಶಿಳ್ಳೆ ಎದ್ದಿತು. ನಂದೀಶ ತಿರುಗಿ ನೋಡಿದ. ತೆರೆಯ ಮೇಲೆ ತನ್ನದೇ ತಲೆಯ ನೆರಳು, ತನ್ನದೇ ಚಾಚಿದ ಅಂಗೈ, ರೈಲ್ವೇ ಸ್ಟೇಷನ್ನಿನಷ್ಟು ದೊಡ್ಡದು. ಈಗ ನಿಜವಾಗಿ ಪ್ರಳಯವಾಗಿ ತಾನೂ ಅದರಲ್ಲಿ ಹೋಗಬಾರದೇ ಅನ್ನಿಸಿತು.

ಅಷ್ಟರಲ್ಲಿ ತೆರೆ ಕಪ್ಪಾಯಿತು. ಪೂರ್ತಿ ಅಲ್ಲ. ಯಾರೋ ಪ್ರೊಜೆಕ್ಟರಿನ ಕಣ್ಣಿಗೆ ಕೈಯಡ್ಡ ಹಿಡಿದಿದ್ದರು. ಬಳೆ ತೊಟ್ಟ ಕೈ. ಗೋಡೆಯಿಂದ ಗೋಡೆಗೆ ಒಂದೇ ಕೈ. ಅದರ ತೋರುಬೆರಳು ಜುಮುಕಿಯಂತೆ ತೂಗಿತು. ಮತ್ತೊಂದು ಕೈ ಬಂತು. ಎರಡು ಬೆರಳು ಕೊಂಬಿನಂತೆ ನೆಟ್ಟಗೆ ನಿಂತವು. ಆಮೇಲೆ ಎರಡು ಬೆರಳು ನಿಧಾನ ಹತ್ತಿರ ಬಂದು, ಒಂದಕ್ಕೊಂದು ಒತ್ತಿಕೊಂಡು, ಹಾಗೆಯೇ ನಿಂತವು. ಪಟ್ಟಣ, ಹಳಿ, ಪೆಟ್ಟಿಗೆ, ಕೊನೆಯ ಗಂಡು, ಕೊನೆಯ ಹೆಣ್ಣು ಎಲ್ಲ ಆ ಎರಡು ಬೆರಳ ಹಿಂದೆ ಮರೆಯಾದರು.

ಭವನ ಬಿರಿಯುವಂತೆ ಕೂಗಿತು.

"ಕ್ಲೈಮ್ಯಾಕ್ಸ್ ಯಾರೂ ನೋಡ್ಲೇ ಇಲ್ವಲ್ರೀ!" ಸುನಿಲ್‌ಕುಮಾರನಿಗೆ ಅಳು ಬರುವುದೊಂದು ಬಾಕಿ.

"ನೋಡಿದ್ವಲ್ಲಪ್ಪಾ," ಎಂದರು ಗಂಗಕ್ಕ, ಎಲೆಯಡಿಕೆ ದವಡೆಗೆ ಸರಿಸಿ. "ಚೆನ್ನಾಗಿತ್ತು."

"ಆದ್ರೆ ಆಂಟಿ, ಒಪ್ಪಿಗೆನಾ ಅಂತ ಎರಡು ಸಲ ಕೇಳ್ದೆ. ಎರಡು ಸಲವೂ ತಲೆ ಆಡಿಸಿದ್ರು!"

ಪ್ರಮೋದಾ ಅವನಿಗೆ ಕೈಮುಗಿದಳು. "ಕೋಪ ಮಾಡ್ಕೋಬೇಡಿ ಸಾರ್. ಮಗ್ಗದ ಕಿವಿ ನಂದು. ನೀವು ಪಿಸುಗುಟ್ಟಿದ್ದು ಒಂದಕ್ಷರ ಕೇಳಿಸ್ಲಿಲ್ಲ. ಕತ್ತಲಲ್ಲಿ ತುಟೀನೂ ಕಾಣಿಸ್ಲಿಲ್ಲ. ಸಿನಿಮಾ ವಿವರಿಸ್ತಿದ್ದೀರಾ ಅಂತ ಮರ್ಯಾದೆಗೆ ತಲೆ ಆಡಿಸ್ದೆ."

ಸುನಿಲ್‌ಕುಮಾರ್ ಕನ್ನಡಕ ತೆಗೆದು ಒರೆಸಿದ. ಮಿಕ್ಕ ಬೋಂಡಾ ಕಟ್ಟಿಸಿಕೊಂಡು ಹೋದ. ಒಳ್ಳೆಯವನೇ.

ಸಂಜೆ ಭವನದ ಹೊರಗೆ ಬೀದಿ ಖಾಲಿ. ಜನರೇಟರ್ ನಿಂತಿತ್ತು. ಒಂದು ಮಗ್ಗದ ಸದ್ದಿಲ್ಲ. ಗಂಗಕ್ಕ ಇಪ್ಪತ್ತು ಹೆಜ್ಜೆ ಮುಂದೆ, ಹಿಂದೆ ನೋಡದೆ ನಡೆಯುತ್ತಿದ್ದರು. ಆ ಇಪ್ಪತ್ತು ಹೆಜ್ಜೆಯೇ ಅವರ ಆಶೀರ್ವಾದ.

"ಏನಾದ್ರೂ ಹೇಳು," ಎಂದಳು ಪ್ರಮೋದಾ. "ಕೈಯಲ್ಲಲ್ಲ."

"ಸೀರೆ ಚೆನ್ನಾಗಿದೆ," ಎಂದ ನಂದೀಶ. ಮಲಗಿದ್ದ ಎರಡು ನಾಯಿ ಎದ್ದು ಓಡಿದವು.

"ಇನ್ನೂ ಮೆಲ್ಲಗೆ."

ಅವನು ಜೀವವೆಲ್ಲ ಒಟ್ಟುಮಾಡಿ, ಹುಟ್ಟಿದಾಗಿನಿಂದ ಮೊದಲ ಬಾರಿಗೆ, ನಿಜವಾಗಿ ಮೆಲ್ಲಗೆ ಒಂದು ಮಾತು ಹೇಳಿದ.

"ಆಂ?" ಎಂದಳು ಅವಳು, ಕಿವಿಗೆ ಕೈಯಿಟ್ಟು. "ಕೇಳಿಸ್ಲಿಲ್ಲ."

"ಥೂ!" ನಂದೀಶನಿಗೆ ಕೋಪ ನೆತ್ತಿಗೇರಿತು. ಅವಳ ಎರಡು ಬೆರಳು ಆಗಲೇ ತಲೆಯತ್ತ ಏಳುತ್ತಿದ್ದವು.

ಆಗ ಕರೆಂಟ್ ಬಂತು. ಆಫ್ ಮಾಡಲು ಮರೆತಿದ್ದ ಮಗ್ಗವೊಂದು ಬೀದಿ ತುದಿಯಲ್ಲಿ ಟಕ್ ಅಂದಿತು, ಅದರ ಬೆನ್ನಿಗೆ ಪಕ್ಕದ ಮನೆಯದು, ಎದುರು ಮನೆಯದು. ಗೋಡೆ, ನೆಲ, ಬಳೆ ಎಲ್ಲ ಅದುರತೊಡಗಿ ಊರು ಮತ್ತೆ ಊರಾಯಿತು. ಆ ಗದ್ದಲದ ನಡುವೆ ನಂದೀಶ, ಯಾರಿಗೂ ಕೇಳಿಸದೆಂಬ ಧೈರ್ಯದಲ್ಲಿ, ಅದೇ ಮಾತನ್ನು ಗಂಟಲು ಹರಿಯುವಂತೆ ಕೂಗಿದ.

ಪ್ರಮೋದಾ ಅವನ ತುಟಿಯನ್ನೇ ನೋಡುತ್ತಿದ್ದಳು. ಪೂರ್ತಿ ಓದಿಕೊಂಡಳು. ಕೈಯಾಡಿಸಿ ಕೇಳಿದಳು: ಇನ್ನೊಂದ್ ಸಲ?