ಒಂದು ಕೊಳವೆಗೆ ಹನ್ನೆರಡು ಪದ್ಯ

"ಇದು ಆಗುವುದಿಲ್ಲ. ರಿಜೆಕ್ಟ್!"

ನಿರೀಕ್ಷಾ ಮೆಷಿನ್ ನಿಲ್ಲಿಸಿ ತಿರುಗಿದಳು. ಸಿಡ್ನಿಯ ಆಫೀಸಿನಿಂದ ತಪಾಸಣೆಗೆ ಬಂದಿದ್ದ ರೋಶನ್, ಅವಳು ಪಾಲಿಶ್ ಮಾಡಿದ ಸ್ಟೀಲ್ ಕೊಳವೆಯನ್ನು ಬೆಳಕಿಗೆ ಹಿಡಿದಿದ್ದ.

"ಒಳಗೆ, ನಡುವಲ್ಲಿ ಮಂಕು ಉಂಟು. ನೀವೇ ನೋಡಿ."

ನೋಡಿದಳು. ನಿಜ...

2007ರ ಆ ಚಳಿಗಾಲ, ಮೆಲ್ಬರ್ನ್‌ನ ವರ್ಕ್‌ಶಾಪಿನಲ್ಲಿ ಅವಳ ಪ್ರೊಬೇಷನ್ ಮುಗಿಯಲು ಒಂದೇ ದಿನ ಬಾಕಿ. ಕೆಲಸ ಹೋದರೆ ವೀಸಾವೂ ಹೋದಂತೆ!

ಕೊಳವೆಯೊಳಗೆ ಕಬ್ಬಿಣ ಬೆರೆತ ಉಜ್ಜುಪುಡಿ, ಹೊರಗೆ ಸುತ್ತುವ ಅಯಸ್ಕಾಂತ. ಅದು ಸುತ್ತಿದಂತೆ ಪುಡಿಯೂ ಹಿಂಬಾಲಿಸಿ, ಬೆರಳು ಹೋಗದ ಕಡೆಯನ್ನು ಕನ್ನಡಿ ಮಾಡುತ್ತದೆ. ಅದರ ಹತ್ತಿರ ವಾಚು ಕಟ್ಟಿಕೊಂಡು ಹೋದರೆ ಕೆಟ್ಟೇ ಹೋಗುತ್ತದೆ; ಗೋಡೆಗೆ ಗಡಿಯಾರವೂ ಇರಲಿಲ್ಲ. ಹಾಗಾಗಿ ಅವಳು ಉಡುಪಿಯ ಅಜ್ಜಿ ಕಲಿಸಿದ ಷಟ್ಪದಿಗಳನ್ನು ಮೆಲ್ಲಗೆ ಹೇಳಿಕೊಂಡು ಹೊತ್ತು ಅಳೆಯುತ್ತಿದ್ದಳು. ಒಂದು ಕೊಳವೆಗೆ ಹನ್ನೆರಡು ಪದ್ಯ.

ಇವತ್ತು ಇವನು ಪಕ್ಕದಲ್ಲಿ ಬಂದು ನಿಂತದ್ದೇ... ಪದ್ಯಗಳು ಅವಸರದಲ್ಲಿ ಓಡಿ, ಹೊತ್ತಿಗೆ ಮುಂಚೆಯೇ ಮುಗಿದುಬಿಟ್ಟಿದ್ದವು!

"ರಿಪೋರ್ಟ್ ಬರೀತೀರಾ?"

"ಬರೆಯದೆ ಆಗ್ತದಾ ಮಾರಾಯ್ರೇ?"

'ಊರಿನವನಂತೆ! ಚೂರೂ ಕರುಣೆಯಿಲ್ಲ...'

ಆ ಸಂಜೆ ಅವನು ಎರಡು ಸಲ ಫೋನ್ ಮಾಡಿದ. ಅವಳು ಎತ್ತಲಿಲ್ಲ.

ಮರುದಿನ ಸೂಪರ್‌ವೈಸರ್ ಬದರಿನಾಥ ಅಂಕಲ್ ಕರೆದರು. ದೇವರನ್ನು ನೆನೆಯುತ್ತಲೇ ಒಳಗೆ ಹೋದಳು.

"ಕೆಲಸ ಪರ್ಮನೆಂಟ್ ಆಯ್ತು ಕಣಮ್ಮಾ. ಅಳೋದು ಆಮೇಲೆ, ಮೊದ್ಲು ಇದನ್ನ ಓದು."

ರೋಶನ್ ಬರೆದಿದ್ದ: 'ಒಂದು ಕೊಳವೆ ಮಂಕು. ಉಳಿದ ನಲವತ್ತು ನಾನು ಈವರೆಗೆ ಕಂಡದ್ದರಲ್ಲೇ ನಯವಾದವು. ತಪ್ಪು ಕೈಯದಲ್ಲ, ಗಡಿಯಾರ ಇಲ್ಲದ್ದು. ದೂರದ ಗೋಡೆಗೆ ಒಂದು ಹಾಕಿಸಿ.'

ಛೇ! ನಾನು ಏನೆಲ್ಲ ಅಂದುಕೊಂಡೆ... ಈ ಸಲ ಅವಳೇ ಫೋನ್ ಮಾಡಿ, ಸಿಡ್ನಿಗೆ ಬರುತ್ತೇನೆ ಎಂದಳು.

ಶನಿವಾರ ಅವಳು ಸಿಡ್ನಿಯಲ್ಲಿ ವಿಮಾನ ಇಳಿದು ರೈಲಿನಲ್ಲಿ ಬಂದರೆ, ಚಾಟ್ಸ್‌ವುಡ್ ಸ್ಟೇಷನ್ನಿನ ಹೊರಗೆ ರೋಶನ್ ನಿಂತಿದ್ದ.

"ಸಾರಿ ಹೇಳ್ಲಿಕ್ಕೆ ಇಷ್ಟು ದೂರವಾ? ಅವತ್ತು ಫೋನ್ ಎತ್ತಿದ್ರೆ ಸಾಕಿತ್ತು!"

"ತಪ್ಪು ಗಡಿಯಾರದ್ದು ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಅವನ ಕಿವಿ ಕೆಂಪಾಯಿತು. "ಆರು ಪದ್ಯ ಚಂದ ಹೇಳಿದ್ರಿ. ಏಳರಿಂದ ಓಡಿದ್ರಿ..."

"ಎಣಿಸ್ತಾ ಇದ್ರಾ!"

"ಮತ್ತೆಂತ ಮಾಡುದು? ಕೊಳವೆ ನೋಡ್ಲಿಕ್ಕೆ ಬಂದದ್ದೇ ಮರೆತು ಹೋಗಿತ್ತು."

ಅವಳು ತಲೆ ತಗ್ಗಿಸಿ ನಕ್ಕಳು. "ಈಗ ಗೋಡೆಗೆ ಗಡಿಯಾರ ಬಂದಿದೆ. ಪದ್ಯಕ್ಕೆ ಕೆಲಸ ಇಲ್ಲ."

"ನನ್ನ ಮನೆಯಲ್ಲಿ ಗಡಿಯಾರ ಇಲ್ಲ ನಿರೀಕ್ಷಾ..." ಅವನ ದನಿ ತಗ್ಗಿತು. "ಒಂದು ಕೊಳವೆಗೆ ಹನ್ನೆರಡಾದ್ರೆ, ಒಂದು ಜನ್ಮಕ್ಕೆ ಎಷ್ಟು ಬೇಕಾಗ್ತದೆ?"

"ಹೇಳಿಯೇ ನೋಡ್ಬೇಕಷ್ಟೆ..."

ಅವನ ಕೈ ಹಿಡಿದು, ಏಳನೆಯ ಪದ್ಯದಿಂದ ಶುರು ಮಾಡಿದಳು.

"ಮೆಲ್ಲ..." ಎಂದ ಅವನು. "ಅವಸರ ಎಂತದೂ ಇಲ್ಲ."