ಬಹುವಚನದ ಗಂಡ

"ನಿಮಗೆ ಬಿಸಿಲು ಹೊಡೀತೈತೇನ್ರೀ? ಟೋಪಿ ತಂದುಕೊಡ್ಲೇನ್ರೀ?"

ಕೆರಿಬಿಯನ್ ಸಮುದ್ರದ ನಟ್ಟನಡುವೆ, ಹಡಗಿನ ಡೆಕ್ ಮೇಲೆ, ಸುತ್ತಲಿನ ಜೋಡಿಗಳೆಲ್ಲ ಒಬ್ಬರಿಗೊಬ್ಬರು ಅಂಟಿಕೊಂಡು ಕೂತಿರುವಾಗ ತೀರ್ಥೇಶ್ ತನ್ನ ಹೆಂಡತಿಯನ್ನು ಕೇಳಿದ ಮಾತು ಇದು. "ಬೇಡ ರೀ" ಎಂದಳು ನಾಗವೇಣಿ. ಅಲ್ಲಿಗೆ ಆ ದಿನದ ಪ್ರಣಯ ಮುಗಿಯಿತು.

ತೀರ್ಥೇಶ್ ಶಿಕಾರಿಪುರದ ದನದ ಡಾಕ್ಟ್ರು. ಎಮ್ಮೆಗೂ "ಸ್ವಲ್ಪ ಸರಕೊಳ್ರೀ ತಾಯಿ" ಎಂದು ಹೇಳಿಯೇ ಇಂಜೆಕ್ಷನ್ ಚುಚ್ಚುವ ಮನುಷ್ಯ. ನಾಗವೇಣಿ ಸೊರಬದ ಹೈಸ್ಕೂಲಿನ ಪಿ.ಟಿ. ಟೀಚರ್. ಅವಳು ಊದುವ ಸೀಟಿಗಿಂತ ಅವಳ ಗಂಟಲಿಗೇ ಮಕ್ಕಳು ಹೆಚ್ಚು ಹೆದರುವುದು. ತಮ್ಮಂದಿರ ಓದು, ತಂಗಿಯರ ಮದುವೆ ಎಂದು ಓಡಾಡುತ್ತ ಇಬ್ಬರೂ ನಲವತ್ತು ದಾಟಿದ್ದರು. ಇನ್ನು ನಮಗೆಲ್ಲಿಯ ಮದುವೆ ಎಂದು ಸುಮ್ಮನಾದ ಮೇಲೆ ಕಂಕಣ ಕೂಡಿಬಂದಿತ್ತು. ಇನ್ನೂ ವರ್ಷ ತುಂಬಿರಲಿಲ್ಲ.

ಗಂಡ ಒಳ್ಳೆಯವನು, ಅದೇ ಅವಳ ಸಂಕಟ. ತನ್ನದೇ ಬೆಡ್‌ರೂಮಿಗೆ ಬಾಗಿಲು ಬಡಿದು ಬರುತ್ತಾನೆ. ಅನ್ನ ಬಡಿಸಿದರೆ ಥ್ಯಾಂಕ್ಸ್ ಎನ್ನುತ್ತಾನೆ. ಒಂದು ಸಲವೂ "ನೀನು" ಎಂದಿಲ್ಲ. ಹೀಗೆ ನೆಂಟರ ಹಾಗೆ ಮರ್ಯಾದೆ ಕೊಟ್ಟು ತೆಗೆದುಕೊಳ್ಳುತ್ತಲೇ ಆಯುಷ್ಯ ಮುಗಿದುಹೋಗುತ್ತದೇನೋ, ಈ ಮನುಷ್ಯನಿಗೆ ತಾನು ಯಾವತ್ತೂ ಹತ್ತಿರದವಳಾಗುವುದಿಲ್ಲವೇನೋ ಎಂದು ಅವಳಿಗೆ ನಿಜವಾಗಿಯೂ ಭಯವಾಗುತ್ತಿತ್ತು.

ಸೊರಬದ ಅವಳ ಕೋಲಾಟದ ತಂಡವನ್ನು ಫ್ಲೋರಿಡಾದ ಕನ್ನಡಿಗರು ರಾಜ್ಯೋತ್ಸವಕ್ಕೆ ಕರೆಸಿದ್ದರು. ಹೆಂಡತಿಯ ಜೊತೆ ತೀರ್ಥೇಶನೂ ಹೊರಟಿದ್ದ. ಅಷ್ಟು ದೂರ ಹೋಗಿ ಹಡಗು ಹತ್ತದೆ ಬರುವುದುಂಟೇ ಎಂದು ಹಟ ಹಿಡಿದವಳು ತಂಡದಲ್ಲಿದ್ದ ಬ್ಯೂಟಿ ಪಾರ್ಲರಿನ ಶಾಲಿನಿ. ತಂಡದ ಹಿರಿಯರಾದ ಜಡೆ ಊರಿನ ಯಮುನಮ್ಮ ರೇಷ್ಮೆ ಸೀರೆಗೆ ಸ್ಪೋರ್ಟ್ಸ್ ಶೂ ಹಾಕಿಕೊಂಡು ಎಲ್ಲರಿಗಿಂತ ಮೊದಲು ಹಡಗು ಹತ್ತಿದ್ದರು.

"ಎಂತದೇ ನಿನ್ನ ಹನಿಮೂನು ಮಾರಾಯ್ತಿ?" ಶಾಲಿನಿ ಕಿವಿಯಲ್ಲಿ ಉಸುರಿದಳು. "ಇಬ್ರೂ ಇಂಟರ್‌ವ್ಯೂಗೆ ಬಂದವರ ಹಂಗೆ ಕೂತಿದೀರಲ್ಲೆ!"

"ಸುಮ್ನಿರೇ, ಕೇಳಿಸ್ಕೊಂಡಾರು."

"ಕೇಳಿಸ್ಕೊಳ್ಳಲಿ ಅಂತಲೇ ಹೇಳಿದ್ದು."

ಮಧ್ಯಾಹ್ನ ಡೆಕ್ ಮೇಲೆ ಒಬ್ಬ ಉಕ್ಕಿನ ಡ್ರಮ್ ಬಾರಿಸತೊಡಗಿದ. ಆ ತಾಳಕ್ಕೆ ಇವರ ಕಾಲು ಸುಮ್ಮನಿರಬೇಕಲ್ಲ? ಬ್ಯಾಗಿನಿಂದ ಕೋಲುಗಳು ಹೊರಬಂದವು. ಆದರೆ ತಂಡದ ಶೃತಿ ತಲೆಸುತ್ತೆಂದು ರೂಮಿನಲ್ಲಿ ಮಲಗಿದ್ದಳು, ಒಂದು ಜೋಡಿಗೆ ಆಳು ಕಡಿಮೆ. ಶಾಲಿನಿ ನೇರ ಹೋಗಿ ತೀರ್ಥೇಶನ ಕೈಗೆ ಕೋಲು ತುರುಕಿದಳು.

"ನನಗ ಬರಂಗಿಲ್ರೀ!"

"ಟೀಚರನ್ನೇ ಕಟ್ಕೊಂಡಿದೀರಿ. ಬರದೆ ಎಲ್ಲಿಗೆ ಹೋಗುತ್ತೆ ಡಾಕ್ಟ್ರೇ?"

ಪ್ಯಾಂಟು ಮಡಚಿಕೊಂಡು ತೀರ್ಥೇಶ್ ನಾಗವೇಣಿಯ ಎದುರು ನಿಂತ. ಕೋಲಿಗೆ ಕೋಲು ತಾಗಿಸಿದ್ದೂ ಅಪ್ಪಣೆ ಕೇಳಿದ ಹಾಗೇ ಇತ್ತು. ಅವನ ಕಣ್ಣು ಮಾತ್ರ ಕೋಲಿನ ಮೇಲಿರಲಿಲ್ಲ, ಅವಳ ಮುಖದ ಮೇಲಿತ್ತು. ಅವಳು ಹುಬ್ಬು ಹಾರಿಸಿದರೆ ನೆಲ ನೋಡುತ್ತಿದ್ದ. ಅವಳು ಆಚೆ ತಿರುಗಿದರೆ ಕನ್ನಡಕದ ಮೇಲಿಂದ ಮತ್ತೆ ಕದ್ದು ನೋಡುತ್ತಿದ್ದ. ನಾಗವೇಣಿಯ ಕೆನ್ನೆ ಬಿಸಿಯಾಯಿತು, ಬಿಸಿಲಿಗಲ್ಲ.

ತಾಳ ಚುರುಕಾಯಿತು. ಎಲ್ಲರೂ ಬಲಕ್ಕೆ ತಿರುಗಿದರು. ತೀರ್ಥೇಶ್ ಎಡಕ್ಕೆ ತಿರುಗಿ ಯಮುನಮ್ಮನ ಬಳೆಗೆ ಬಾರಿಸಿದ.

"ಏ ಪೆದ್ದಾ! ಬಲಕ್ಕೆ ತಿರುಗೋ! ಎತ್ಲಾಗೆ ನೋಡ್ತಾ ಇದೀಯೋ?"

ನಾಗವೇಣಿಯ ಕೂಗು ಇಡೀ ಡೆಕ್ಕಿಗೆ ಕೇಳಿಸಿತು. ಸುತ್ತ ನಿಂತಿದ್ದ ವಿದೇಶಿಯರು ಇದೂ ಹಾಡಿನ ಭಾಗವೆಂದುಕೊಂಡು ಚಪ್ಪಾಳೆ ತಟ್ಟಿದರು. ಸೊರಬದವರ ಕೋಲುಗಳು ಮಾತ್ರ ಗಾಳಿಯಲ್ಲೇ ನಿಂತವು.

"ಅಯ್ಯೋ, ಗಂಡಂಗೇ!" ಎಂದು ಯಮುನಮ್ಮ ಬಾಯಿಗೆ ಕೈಯಿಟ್ಟರು.

ತೀರ್ಥೇಶ್ ಕೋಲುಗಳನ್ನು ಮೆಲ್ಲಗೆ ಕುರ್ಚಿಯ ಮೇಲಿಟ್ಟ. "ಒಂದ್ನಿಮಿಷ ಬಂದೆ" ಎಂದು ಯಾರ ಮುಖವನ್ನೂ ನೋಡದೆ ಮೆಟ್ಟಿಲು ಹತ್ತಿ ಹೋದ.

ನಾಗವೇಣಿಯ ಜೀವ ಬಾಯಿಗೆ ಬಂತು. ಇದ್ದ ಮರ್ಯಾದೆಯ ಸಂಸಾರವನ್ನೂ ಕೈಯಾರೆ ಕೆಡಿಸಿಕೊಂಡೆನಲ್ಲ ಎಂದು ಅವನ ಹಿಂದೆಯೇ ಓಡಿದಳು. ಮೇಲಿನ ಡೆಕ್ಕಿನಲ್ಲಿ ಅವನು ಕಂಬಿ ಹಿಡಿದು ಬೆನ್ನು ತಿರುಗಿಸಿ ನಿಂತಿದ್ದ. ಕನ್ನಡಕ ಕೈಯಲ್ಲಿತ್ತು.

"ರೀ, ತಪ್ಪಾಯ್ತು ರೀ. ಸ್ಕೂಲಲ್ಲಿ ಹುಡುಗರಿಗೆ ಕೂಗಿ ಕೂಗಿ ಅಭ್ಯಾಸ. ಅವ್ರಿಗೆ ಹೇಳಿದ ಹಂಗೇ ಬಾಯಿಗೆ ಬಂದ್ಬಿಡ್ತು."

ಅವನು ತಿರುಗಿದ. ಕಣ್ಣು ಒದ್ದೆಯಾಗಿತ್ತು, ಆದರೆ ಸಿಟ್ಟಿರಲಿಲ್ಲ.

"ಹುಡುಗರಿಗೆ ಹೇಳಿದಂಗ ಹೇಳಿದ್ರಾ?" ಮುಖ ಬಾಡಿತು. "ನಾನು... ನನಗೇ ಅಂದ್ರಿ ಅನ್ಕೊಂಡಿದ್ದೆ."

ನಾಗವೇಣಿ ಒಂದು ಹೆಜ್ಜೆ ಹತ್ತಿರ ಬಂದು ಅವನ ಮುಖವನ್ನೇ ನೋಡಿದಳು.

"ನಮ್ಮವ್ವ ಹೋದ ಮ್ಯಾಲೆ ನನ್ನ ಯಾರೂ ಪೆದ್ದ ಅಂದಿಲ್ರೀ. ಊರಿಗೆಲ್ಲ ಡಾಕ್ಟ್ರೇ, ಸಾಹೇಬ್ರೇ. ಇವತ್ತು ನೀವು ಅಂದ್ರಲ್ಲ, ಖುಷಿಗೆ ಕಣ್ಣಾಗ ನೀರು ಬಂತು. ಅಷ್ಟು ಜನರ ಮುಂದ ಹೆಂಗ ಅಳ್ಲಿ? ಓಡಿ ಬಂದೆ."

"ಹಂಗಿದ್ರೆ ನೀವ್ಯಾಕೆ ನನಗೆ ಯಾವಾಗ್ಲೂ ಬಹುವಚನ?"

"ಹೆದರಿಕಿ ರೀ. ಇಷ್ಟು ತಡವಾಗಿ ಸಿಕ್ಕೀರಿ. ಸಲಿಗಿ ತಗೊಂಡು ನಿಮಗ ಬ್ಯಾಸರಾಗಿಬಿಟ್ರೆ? ದಿನಾ ಶೇವಿಂಗ್ ಮಾಡ್ಕೊಳ್ಳುವಾಗ ಕನ್ನಡಿ ಮುಂದೆ 'ನೀನು', 'ನೀನು' ಅಂತ ಪ್ರಾಕ್ಟೀಸ್ ಮಾಡ್ತೀನಿ. ಬಾಗಿಲು ತೆಗದು ಹೊರಗ ಬಂದ್ರೆ 'ಕಾಫಿ ಕುಡಿದ್ರೇನ್ರೀ' ಅಂತಲೇ ಬಾಯಿಗೆ ಬರ್ತದ."

ಅವಳಿಗೆ ನಗುವೂ ಉಕ್ಕಿತು, ಅಳುವೂ ಬಂತು. ಕನ್ನಡಕ ಇಸಿದುಕೊಂಡು, ಸೆರಗಿನಲ್ಲಿ ಒರೆಸಿ, ಅವನ ಮೂಗಿಗೆ ಏರಿಸಿದಳು. ಕೈಯನ್ನು ಮಾತ್ರ ಹಿಂದಕ್ಕೆ ತೆಗೆಯಲಿಲ್ಲ, ಅವನ ಕೆನ್ನೆಯ ಮೇಲೇ ಇಟ್ಟಳು.

"ಹುಡುಗರಿಗಲ್ಲ, ನಿಂಗೇ ಹೇಳಿದ್ದು ಕಣೋ. ಈಗ ನೀ ಹೇಳು, ನೋಡಣ."

ತೀರ್ಥೇಶ್ ಗಂಟಲು ಸರಿಮಾಡಿಕೊಂಡ. "ನಾಗವೇಣಿ... ನೀ... ನೀನು ಅಂದ್ರೆ ನನಗ ಪ್ರಾಣ ಕಣೇ."

ಹೇಳಿ ತಾನೇ ಬೆಚ್ಚಿಬಿದ್ದ. ಊರನ್ನೇ ಹೆದರಿಸುವ ಗಂಟಲಿನ ನಾಗವೇಣಿ ಮೆಲ್ಲಗೆ ನಕ್ಕಳು. ಅವಳು ಅವನ ಎದೆಗೆ ಹಣೆಯಿಟ್ಟು ನಿಂತಳು. ಅಷ್ಟು ನೆಮ್ಮದಿ ಅವಳಿಗೆ ಎಷ್ಟೋ ವರ್ಷಗಳಿಂದ ಸಿಕ್ಕಿರಲಿಲ್ಲ.

ಇಬ್ಬರೂ ಕೆಳಗಿಳಿದು ಬಂದಾಗ ಎಲ್ಲರೂ ಉಸಿರು ಬಿಗಿಹಿಡಿದು ಕಾಯುತ್ತಿದ್ದರು.

"ಜಗಳ ಮುಗೀತಾ ಡಾಕ್ಟ್ರೇ?" ಯಮುನಮ್ಮ ಅಳುಕುತ್ತ ಕೇಳಿದರು.

"ಎಲ್ಲಿ ಮುಗೀತದ ಯಮುನಮ್ಮಾರೇ, ಇನ್ನು ಮ್ಯಾಲೇ ಶುರು. ಇಷ್ಟು ದಿನ ಜಗಳ ಆಡಾಕ ನಮ್ಮಿಬ್ರ ನಡುವೆ ಸಲಿಗಿನೇ ಇರ್ಲಿಲ್ಲ."

ಆಮೇಲೆ ಹೆಂಡತಿಯ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಕರೆದ: "ಬಾರೇ!"

ಶಾಲಿನಿ ಹೋ ಎಂದು ಕಿರುಚಿದಳು. ನಾಗವೇಣಿ ನಾಚಿಕೊಳ್ಳುತ್ತಲೇ ಹೋಗಿ ಅವನ ಪಕ್ಕ ನಿಂತಳು.